ಯಾತಕ್ಕೆ ಸಾಕು?

ಅವರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಗೆಣ್ಣಿನಿಂದ ತುದಿಯವರೆಗೂ ಕಡ್ಡಿಯ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಹಾಗಾಗಿ ಸೀಮೆಸುಣ್ಣವನ್ನು ಹೆಬ್ಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಹಿಡಿದು ಬರೆಯುತ್ತಿದ್ದರು. ಬೋರ್ಡಿನ ಮೇಲೆ ಅವರ ಅಕ್ಷರಗಳೆಲ್ಲ ಗಾಳಿಗೆ ಸಿಕ್ಕ ಸಜ್ಜೆಯ ಪೈರಿನಂತೆ ಎಡಕ್ಕೆ ವಾಲಿಕೊಂಡಿರುತ್ತಿದ್ದವು. ಬರೆದು ಮುಗಿಸಿ ನಮ್ಮ ಕಡೆ ತಿರುಗಿ ಮಾತಾಡುವಾಗ ಆ ಬೆರಳು ಯಾರ ಕಡೆಗೋ ಚಾಚಿಕೊಂಡಿರುತ್ತಿತ್ತು. ಅವರು ಯಾರನ್ನೂ ಎಬ್ಬಿಸದಿದ್ದರೂ ಮುಂದಿನ ಬೆಂಚಿನ ಯಾವಳಾದರೂ ಒಬ್ಬಳು ಹೆದರಿ ಎದ್ದು ನಿಲ್ಲುತ್ತಿದ್ದಳು. "ನಿನ್ನಲ್ಲ ಕಣೇ, ಕೂತ್ಕ," ಅನ್ನುತ್ತಿದ್ದರು. ಒಂದೊಂದು ದಿನ ಅದೇ ಮಾತನ್ನು ಎರಡು ಮೂರು ಸಲ ಹೇಳಬೇಕಾಗುತ್ತಿತ್ತು.

ಚಳ್ಳಕೆರೆಯ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಡಂ ಅವರು. ಕುಳ್ಳಗಿದ್ದರು, ಬಿರುಸಾಗಿ ನಡೆಯುತ್ತಿದ್ದರು, ಮಳೆಯನ್ನೇ ಕಾಣದ ಆ ಊರಿನಲ್ಲಿ ವರ್ಷವಿಡೀ ಕೊಡೆ ಹಿಡಿದು ಓಡಾಡುತ್ತಿದ್ದರು. ಬ್ಯಾಗಿನಲ್ಲಿ ಹುರಿದ ಕಡ್ಲೆಬೀಜ ಮತ್ತು ಬೆಲ್ಲದ ಡಬ್ಬಿ ಇರುತ್ತಿತ್ತು. ಹಾಸ್ಟೆಲ್ಲಿನ ಹುಡುಗಿಯರ ಮುಖ ಬಾಡಿದ್ದು ಕಂಡರೆ ಏನೂ ಕೇಳದೆ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿಯುತ್ತಿದ್ದರು.

ನಾನು ಆ ಹಾಸ್ಟೆಲ್ಲಿನವಳು. ನನ್ನ ಮನೆ ಮೊಳಕಾಲ್ಮೂರಿನಲ್ಲಿ, ನೇಕಾರರ ಓಣಿಯಲ್ಲಿ. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ನಾವು ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ ಆಡುವ ಜನ. ಯಾವ ಮಾತು ಎಲ್ಲಿಯದು ಎಂದು ಚಿಕ್ಕವಳಾಗಿದ್ದಾಗ ನನಗೆ ಗೊತ್ತಾಗುತ್ತಿರಲಿಲ್ಲ. ಹಾಸ್ಟೆಲ್ಲಿನ ಮೊದಲನೇ ದಿನ ಊಟಕ್ಕೆ ಕೂತಾಗ ಬಡಿಸುತ್ತಿದ್ದ ಹೆಂಗಸು ಅನ್ನ ಹಾಕುತ್ತ ಬಂದಳು. ನಾನು ಕೈ ಅಡ್ಡ ಹಿಡಿದು "ಚಾಲು, ಚಾಲು" ಅಂದೆ. ತೆಲುಗಿನಲ್ಲಿ ಚಾಲು ಅಂದರೆ ಸಾಕು. ಆಕೆ ದುರ್ಗದ ಕಡೆಯವಳು. ಇನ್ನೂ ಚಾಲೂ ಇರಲಿ ಅನ್ನುತ್ತಿದ್ದಾಳೆ ಹುಡುಗಿ ಎಂದುಕೊಂಡು ಇನ್ನೆರಡು ಸೌಟು ಸುರಿದಳು. ನಾನು ಮತ್ತೂ ಜೋರಾಗಿ "ಚಾಲು" ಅಂದೆ. ತಟ್ಟೆಯ ತುಂಬ ಅನ್ನವಾಯಿತು. ಈ ಕತೆ ಯಾರಿಂದಲೋ ಮೇಡಂ ಕಿವಿಗೆ ಬಿದ್ದು, ಅವರು ಸ್ಟಾಫ್ ರೂಮಿನಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರಂತೆ. ಆಮೇಲೆ ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ "ಊಟ ಆಯ್ತಾ? ಚಾಲೂನಾ?" ಎಂದು ಕೇಳುತ್ತಿದ್ದರು. ಅವರು ನಕ್ಕರೆ ನೋವಾಗುತ್ತಿರಲಿಲ್ಲ.

ನೋವಾದದ್ದು ಬೇರೆ ದಿನ, ಒಂಬತ್ತನೇ ಕ್ಲಾಸಿನಲ್ಲಿ.

ಅವತ್ತು ಅವರು ಬೋರ್ಡಿನ ಮೇಲೆ ಒಂದೇ ಒಂದು ಪದ ಬರೆದಿದ್ದರು. ಎನಫ್. ನಾವೆಲ್ಲ ಅದನ್ನು ಅಕ್ಷರ ಬಿಡದೆ "ಎನೌಗ್" ಎಂದು ಓದಿದೆವು. ಕೊನೆಗೆ ಜಿ ಮತ್ತು ಎಚ್ ಇರುವಾಗ ಎಫ್ ಶಬ್ದ ಎಲ್ಲಿಂದ ಬಂತು ಮೇಡಂ ಎಂದು ಒಬ್ಬಳು ಕೇಳಿದಳು. "ಆ ಪದ ಮಾಡಿದೋರು ಎಲ್ಲಾದ್ರೂ ಸಿಕ್ರೆ ಕೇಳಾಣ. ಸದ್ಯಕ್ಕೆ ಬಾಯಿಪಾಠ ಮಾಡ್ರಿ," ಅಂದರು ಮೇಡಂ. ಮತ್ತೆ ಬೋರ್ಡಿನ ಕಡೆ ತಿರುಗಿ, ಬರೆಯುತ್ತಲೇ, "ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದರು.

ಹಿಂದಿನ ಬೆಂಚಿನಿಂದ ಒಬ್ಬಳು ಕೂಗಿದಳು: "ಸಾಕಮ್ಮ!"

ಸಾಕಮ್ಮ ನನ್ನ ಹೆಸರು. ಮೂವರು ಹೆಣ್ಣುಮಕ್ಕಳಾದ ಮೇಲೆ ನಾಲ್ಕನೆಯವಳಾಗಿ ನಾನು ಹುಟ್ಟಿದಾಗ, ಇನ್ನು ಹೆಣ್ಣು ಸಾಕು ಎಂದು ಅಜ್ಜಿ ಇಟ್ಟ ಹೆಸರು. ನಮ್ಮ ಸೀಮೆಯಲ್ಲಿ ಆ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ. ಯಾಕೆ ಇಟ್ಟರು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕ್ಲಾಸಿಗೆ ಕ್ಲಾಸೇ ನನ್ನ ಕಡೆ ತಿರುಗಿ ನಕ್ಕಿತು. ಮೇಡಂ ಮುಖ ಬೋರ್ಡಿನ ಕಡೆಗಿತ್ತು. "ಸರಿ, ಸರಿ, ಸಾಕು," ಎಂದು ಪಾಠ ಮುಂದುವರಿಸಿದರು. ಆಮೇಲೆ ಅವರು ಹೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಸಂಜೆ ಹಾಸ್ಟೆಲ್ಲಿಗೆ ಹೋಗುವಷ್ಟರಲ್ಲಿ ನಾನು 'ಎನಫಮ್ಮ' ಆಗಿದ್ದೆ. ನಲ್ಲಿಯ ಹತ್ತಿರ ಎನಫಮ್ಮ, ಊಟದ ಸಾಲಿನಲ್ಲಿ ಎನಫಮ್ಮ. ಅಲ್ಲಿಯವರೆಗೆ ನನ್ನ ಹೆಸರು ಬರೀ ಹೆಸರಾಗಿತ್ತು. ಅವತ್ತಿನಿಂದ ಅದನ್ನು ಯಾರು ಕೂಗಿದರೂ ನಾನು ಬೇಡವಾಗಿ ಹುಟ್ಟಿದವಳು ಎಂದು ಸಾರಿದ ಹಾಗೆ ಕೇಳುತ್ತಿತ್ತು.

ದೀಪಾವಳಿ ರಜೆಗೆ ಮನೆಗೆ ಹೋದವಳು ರಜೆ ಮುಗಿದರೂ ವಾಪಸು ಹೋಗಲಿಲ್ಲ. ಓದಲು ಇಷ್ಟವಿಲ್ಲ ಅಂದೆ. ಅಪ್ಪ ಯಾಕೆಂದು ಕೇಳಲಿಲ್ಲ. ಅಕ್ಕಂದಿರು ಮದುವೆಯಾಗಿ ಹೋದ ಮೇಲೆ ಮಗ್ಗದ ಕೆಲಸಕ್ಕೆ ಇನ್ನೊಂದು ಕೈ ಬೇಕಾಗಿತ್ತು. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವ ರಾಟೆಯ ಮುಂದೆ ನನ್ನನ್ನು ಕೂರಿಸಿದ.

ಒಂದು ಭಾನುವಾರ, ನಾನು ನೂಲು ಸುತ್ತುತ್ತಿದ್ದಾಗ, ಬಾಗಿಲಲ್ಲಿ ಕೊಡೆ ಮಡಚುವ ಸದ್ದಾಯಿತು. ಮೇಡಂ ನಿಂತಿದ್ದರು. ಸೀರೆಯ ಅಂಚಿಗೆಲ್ಲ ಕೆಂಪು ಧೂಳು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಗಡಿಬಿಡಿಯಲ್ಲಿ ಏಳಲು ಹೋಗಿ ಆಗದೆ, ಕೂತಲ್ಲೇ ಕೈ ಮುಗಿದ. "ಬರ್ರಿ ಮೇಡಮ್ಮೋರೆ, ಬರ್ರಿ." ಅಜ್ಜಿ ಚಾಪೆ ಹಾಸಿದಳು, ಅವ್ವ ನೀರು ತಂದಳು.

ಮೇಡಂ ಚಾಪೆಯ ಮೇಲೆ ಕೂರದೆ ನೇರ ನನ್ನ ರಾಟೆಯ ಹತ್ತಿರ ಬಂದು ನೆಲದ ಮೇಲೆ ಕೂತರು.

"ಹಾಜರಿ ಕೂಗ್ದಾಗ ಒಬ್ಳು 'ಎನಫಮ್ಮ ಬಂದಿಲ್ಲ ಮೇಡಂ' ಅಂದ್ಲು. ಆವಾಗ ನಂಗೆ ಗೊತ್ತಾಯ್ತು," ಅಂದರು. "ತಪ್ಪು ನಂದು ಕಣೇ. ನಗು ಕೇಳಿಸಿತ್ತು. ಯಾಕೆ ನಗ್ತೀರಿ ಅಂತ ತಿರುಗಿ ಕೇಳ್ಬೇಕಿತ್ತು. ಕೇಳ್ಲಿಲ್ಲ."

ದೊಡ್ಡವರು ಹಾಗೆ ಚಿಕ್ಕವರ ಮುಂದೆ ತಪ್ಪು ನಂದು ಎಂದು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ರಾಟೆ ತಿರುಗಿಸುತ್ತಲೇ ಇದ್ದೆ. ನೂಲು ಗಂಟಾಗಿತ್ತು.

ಅಪ್ಪನಿಗೆ ಇದೆಲ್ಲ ಹೊಸದು. ಹೆಸರಿಗೆ ನಗುತ್ತಾರೆ ಎಂದು ಮಗಳು ಶಾಲೆ ಬಿಟ್ಟದ್ದು ಅವನಿಗೆ ಆಗಲೇ ಗೊತ್ತಾದದ್ದು. "ಹೋಗ್ಲಿ ಬಿಡ್ರಿ ಮೇಡಮ್ಮೋರೆ," ಅಂದ. "ಅವರಕ್ಕಂದಿರು ಏಳನೇ ಕ್ಲಾಸೂ ದಾಟ್ಲಿಲ್ಲ. ಇವ್ಳು ಒಂಬತ್ತು ಅರ್ಧ ಓದವ್ಳೆ. ಹೆಣ್ಮಗಳಿಗೆ ಇಷ್ಟು ಓದು ಸಾಕು."

"ಯಾತಕ್ಕೆ ಸಾಕು?" ಅಂದರು ಮೇಡಂ.

ಅಪ್ಪ ತಲೆ ಎತ್ತಿದ. "ಯಾತಕ್ಕೆ ಅಂದ್ರೆ?"

"ಮುದ್ದೆ ಸಾಕು ಅಂದ್ರೆ ಹೊಟ್ಟೆಗೆ ಸಾಕು ಅಂತ. ನೂಲು ಸಾಕು ಅಂದ್ರೆ ಈ ಸೀರೆಗೆ ಸಾಕು ಅಂತ. ಇವ್ಳಿಗೆ ಇಷ್ಟು ಓದು ಯಾತಕ್ಕೆ ಸಾಕು, ಅದನ್ನ ಹೇಳ್ರಿ ಯಜಮಾನ್ರೆ. ಹೇಳಿದ್ರೆ ನಾನು ಈಗ್ಲೇ ಎದ್ದು ಹೋಗ್ತೀನಿ."

"ಮಗ್ಗಕ್ಕೆ ಸಾಕು. ಮದ್ವೆಗೆ ಸಾಕು."

"ಮಗ್ಗಕ್ಕೆ ಒಂದನೇ ಕ್ಲಾಸೂ ಬೇಡ. ಇವ್ಳು ಕ್ಲಾಸಲ್ಲಿ ನರ್ಸ್ ಆಗ್ತೀನಿ ಅಂತ ಬರ್ದವ್ಳೆ. ತಪ್ಪಿಲ್ದಂಗೆ ಇಂಗ್ಲಿಷಲ್ಲಿ ಬರ್ದವ್ಳೆ. ಅದಕ್ಕೆ ಸಾಕಾ?"

ನಾನು ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಪ್ಪ ನನ್ನ ಮುಖ ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ನಾನೇ ಕಣ್ಣು ತಗ್ಗಿಸಬೇಕಾಯಿತು. ಆಮೇಲೆ ಲಾಳಿಯನ್ನು ಕೆಳಗಿಟ್ಟ. ಗುಂಡಿಯಿಂದ ಎದ್ದ. ಒಂದು ಮಾತೂ ಆಡದೆ ಹಿತ್ತಲಿಗೆ ಹೋಗಿಬಿಟ್ಟ. ಮನೆಗೆ ಬಂದವರ ಎದುರು ಅಪ್ಪ ಹಾಗೆ ಎದ್ದು ಹೋದವನಲ್ಲ. ಸಿಟ್ಟು ನೆತ್ತಿಗೇರಿದೆ ಎಂದುಕೊಂಡೆ. ಹಿತ್ತಲ ಕಡೆ ಮುಖ ಮಾಡಿ ಅಜ್ಜಿ ಕೂಗಿದಳು: "ಪಿಲ್ಲನಿ ಪಂಪೆಯ್ ರಾ!" ಹುಡುಗಿಯನ್ನು ಕಳಿಸಿಬಿಡೋ ಎಂದು. ನನಗೆ ಆ ಹೆಸರಿಟ್ಟವಳೇ ಅವಳು.

ಅವ್ವ ಮುದ್ದೆ ಬಡಿಸಿದಳು. ಮೇಡಂ ಯಾವ ಆತುರವೂ ಇಲ್ಲದವರಂತೆ ಉಣ್ಣುತ್ತಾ ಸಾರಿಗೆ ಯಾವ ಕಾಳು ಹಾಕಿದ್ದೀರಿ ಎಂದು ಕೇಳುತ್ತ ಕೂತರು. ಅವರು ಕೈ ತೊಳೆಯುವ ಹೊತ್ತಿಗೆ ಅಪ್ಪ ಒಳಗೆ ಬಂದ. ಕೈಯಲ್ಲಿ ಹಗ್ಗವಿತ್ತು. ನನ್ನ ಟ್ರಂಕಿನ ಚಿಲಕ ಮುರಿದಿತ್ತು. ಅಟ್ಟದಿಂದ ಅದನ್ನು ಇಳಿಸಿ, ನನ್ನ ಬಟ್ಟೆ ಪುಸ್ತಕ ತುಂಬಲು ಅವ್ವನಿಗೆ ಸನ್ನೆ ಮಾಡಿ, ಹಗ್ಗ ಬಿಗಿದು ಕಟ್ಟಿದ. ತಲೆಯ ಮೇಲಿಟ್ಟುಕೊಂಡು ಬಸ್ ಸ್ಟ್ಯಾಂಡಿನವರೆಗೂ ನಮ್ಮ ಮುಂದೆ ನಡೆದ. ಟ್ರಂಕನ್ನು ಬಸ್ಸಿಗೆ ಹಾಕಿ, "ಹುಷಾರಾಗಿ ಇಳಿಸಪ್ಪ," ಎಂದು ಕಂಡಕ್ಟರಿಗೆ ಹೇಳಿದ. ನಮ್ಮಿಬ್ಬರಿಗೂ ಏನನ್ನೂ ಹೇಳಲಿಲ್ಲ.

ಆ ಬಸ್ಸಿನಲ್ಲಿ ಮೇಡಂ ತಮ್ಮ ಕತೆ ಹೇಳಿದರು. ಕಿಟಕಿ ಗಾಜುಗಳು ಗಡಗಡ ಅನ್ನುತ್ತಿದ್ದರಿಂದ ನನ್ನ ಕಿವಿಯ ಹತ್ತಿರಕ್ಕೆ ಬಾಗಿ ಹೇಳಿದರು.

"ನಾನು ಸಾಕುಮಗಳು, ಗೊತ್ತಾ ನಿಂಗೆ? ನನ್ನ ಹೆತ್ತಾಕೆ ಚಳ್ಳಕೆರೆ ಎಣ್ಣೆ ಮಿಲ್ಲಲ್ಲಿ ಕಡ್ಲೆಕಾಯಿ ಕೆಲ್ಸಕ್ಕೆ ಹೋಗ್ತಿದ್ಲಂತೆ. ನನ್ನ ಹೆತ್ತು ತೀರ್ಕಂಡ್ಲು. ಅವಳ ಜೊತೆ ಕೆಲ್ಸ ಮಾಡೋಳು ನನ್ನ ಎತ್ಕಂಡು ಮನೆಗೆ ಹೋದ್ಲು. ಮನೇಲಿ ಆಗ್ಲೇ ಗಂಡುಮಕ್ಕಳಿದ್ರು, ಉಣ್ಣೋಕೆ ಸಾಲ್ತಿರ್ಲಿಲ್ಲ. ಇರೋ ಮಕ್ಕಳೇ ಸಾಕು ಅಂದ ಗಂಡ. ಇದನ್ನೂ ಸಾಕ್ತೀನಿ ಅಂದ್ಲು ಅವ್ವ. ಮಾತು ಒಂದೇ ನೋಡು. ಆಡೋರು ಬೇರೆ."

ಬೆರಳಿನ ವಿಷಯವನ್ನೂ ಅವತ್ತೇ ಹೇಳಿದ್ದು. ಅವ್ವ ಕೆಲಸ ಮಾಡುವಾಗ ಪಕ್ಕದಲ್ಲಿ ಆಡುತ್ತಿದ್ದ ಮಗು ಕಾಯಿ ಸುಲಿಯುವ ಮೆಷಿನ್ನಿಗೆ ಕೈ ಇಟ್ಟಿತ್ತು. ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರೂ ಅವ್ವ ಒಪ್ಪದೆ ಹಟ ಹಿಡಿದು ಉಳಿಸಿಕೊಂಡಿದ್ದಳು. "ಈ ಬೆರಳು ಇಟ್ಕಂಡು ನೀನು ಕಾಯಿ ಆರಿಸೋಕಾಗಲ್ಲ, ಹೋಗಿ ಓದ್ಕ ಅಂದ್ಲು. ಬೆರಳು ಮಡಚೋ ಹಂಗಿದ್ದಿದ್ರೆ ನಾನೂ ಮಿಲ್ಲಿಗೇ ಹೋಗ್ತಿದ್ನೇನೋ," ಎಂದು ನಕ್ಕರು.

ಚಳ್ಳಕೆರೆಗೆ ಬಂದ ಮೇಲೆ ಎಲ್ಲವೂ ಸರಿಹೋಯಿತು ಎಂದೇನೂ ಇಲ್ಲ. ಹುಡುಗಿಯರು ಎನಫಮ್ಮ ಅನ್ನುವುದನ್ನು ಬಿಡಲಿಲ್ಲ. ಮೇಡಂ ಯಾರನ್ನೂ ಬಯ್ಯಲೂ ಇಲ್ಲ. ಆ ಪಾಠವನ್ನು ಮಾತ್ರ ಮೊದಲಿನಿಂದ ಇನ್ನೊಮ್ಮೆ ಮಾಡಿದರು. ವಸ್ತುವಿನ ಹೆಸರಿದ್ದರೆ ಎನಫ್ ಅದರ ಮುಂದೆ ಬಂದು ನಿಲ್ಲುತ್ತದೆ, ಎನಫ್ ರೈಸ್ ಅನ್ನುತ್ತೇವೆ. ಗುಣವಿದ್ದರೆ ಹಿಂದಕ್ಕೆ ಸರಿಯುತ್ತದೆ, ಬಿಗ್ ಎನಫ್ ಅನ್ನುತ್ತೇವೆ. "ಆದ್ರೆ ಬರೀ ಎನಫ್ ಅಂದ್ರೆ ಅರ್ಧ ಮಾತು. ಎನಫ್ ಟು ಈಟ್, ಎನಫ್ ಫಾರ್ ಟುಮಾರೋ. ಯಾತಕ್ಕೆ ಸಾಕು ಅನ್ನೋದು ಅದರ ಉಳಿದರ್ಧ. ಯಾರಾದ್ರೂ ನಿಮ್ಗೆ ಸಾಕು ಅಂದ್ರೆ ಆ ಅರ್ಧ ಕೇಳಿ ಇಸ್ಕಳ್ರಿ." ಎಲ್ಲರೂ ಒಂದೊಂದು ವಾಕ್ಯ ಮಾಡಬೇಕೆಂದರು. ನನ್ನನ್ನು ಹಿಂದಿನ ಬೆಂಚಿನಿಂದ ಕೂಗಿದವಳ ಸರದಿ ಬಂದಾಗ ಅವಳು ಎದ್ದು ನಿಂತು, ತಡವರಿಸಿ, ಸಾಕಮ್ಮ ಈಸ್ ಗುಡ್ ಎನಫ್ ಟು ಬಿ ಎ ನರ್ಸ್ ಅಂದಳು. ಅದು ಮೇಡಂ ಹೇಳಿಕೊಟ್ಟದ್ದೋ ಅವಳೇ ಮಾಡಿದ್ದೋ, ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಅವಳು ಬಾಯಿ ಬಿಡುವುದಿಲ್ಲ. ಈಗ ತಿಂಗಳಿಗೊಮ್ಮೆಯಾದರೂ ಫೋನ್ ಮಾಡುತ್ತಾಳೆ. ಈಗಲೂ ನನ್ನನ್ನು ಎನಫಮ್ಮ ಅಂತಲೇ ಕರೆಯುತ್ತಾಳೆ.

ಹತ್ತನೇ ಕ್ಲಾಸಿನ ಪರೀಕ್ಷೆಗೆ ಅರ್ಜಿ ತುಂಬುವ ಹೊತ್ತಿಗೆ ಹೆಸರು ಬದಲಾಯಿಸಿಕೊಳ್ಳಬೇಕೆಂದು ನನಗೆ ಆಸೆಯಾಗಿತ್ತು. ಸೌಮ್ಯ ಎಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. "ನಿನ್ನಿಷ್ಟ. ಹೆಡ್‌ಮಾಸ್ಟರಿಗೆ ನಾನು ಹೇಳ್ತೀನಿ," ಅಂದರು ಮೇಡಂ. ಅದೇ ವಾರ ಕಂಪೋಸಿಷನ್ ಪುಸ್ತಕಗಳನ್ನು ಹೊತ್ತುಕೊಂಡು ಅವರ ಮನೆಗೆ ಹೋಗಿದ್ದೆ. ಅವರ ಅವ್ವ ಮಂಚದ ಮೇಲೆ ಮಲಗಿದ್ದಳು. ಕಣ್ಣು ಮಂಜಾಗಿತ್ತು, ಬಾಯಿ ಮಾತ್ರ ಚುರುಕಾಗಿತ್ತು. "ಯಾರೇ ನೀನು, ಏನ್ ನಿನ್ನ ಹೆಸರು?" ಎಂದು ಕೇಳಿದಳು. ಹೇಳಿದೆ. "ಬಾರೇ ಸಾಕಿ, ಈ ಕಾಲು ಒಂದಿಷ್ಟು ಒತ್ತು," ಅಂದಳು. ಸಾಕಿ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಆಮೇಲೆ ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಹಲ್ಲಿಲ್ಲದ ಆ ಬಾಯಲ್ಲಿ ನನ್ನ ಹೆಸರು ಎಷ್ಟು ಮುದ್ದಾಗಿ ಬರುತ್ತಿತ್ತೆಂದರೆ ಸೌಮ್ಯ ಎಲ್ಲೋ ಮರೆತುಹೋದಳು. ಅರ್ಜಿಯಲ್ಲಿ ಇದ್ದ ಹೆಸರೇ ಉಳಿಯಿತು. ಮೇಡಂ ಯಾಕೆಂದು ಕೇಳಲಿಲ್ಲ. ಅವರೂ ನನ್ನನ್ನು ಸಾಕಿ ಅನ್ನತೊಡಗಿದರು.

ನಾನು ನರ್ಸಿಂಗ್ ಓದಿದೆ. ಈಗ ಮೊಳಕಾಲ್ಮೂರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಸಾಕಿದ ಅವ್ವ ತೀರಿಕೊಂಡ ಮೇಲೆ, ರಿಟೈರ್ ಆದ ಮೇಲೆ, ಮೇಡಂ ಮನೆಯಲ್ಲಿ ಕೂರಲಿಲ್ಲ. ಕುದಾಪುರದ ಹುಲ್ಲುಗಾವಲಿನಲ್ಲಿ ದೊಡ್ಡ ದೊಡ್ಡ ಸಂಶೋಧನಾ ಕೇಂದ್ರಗಳು ಬಂದಿದ್ದವಲ್ಲ, ಅಲ್ಲಿ ಕಸ ಗುಡಿಸುವ, ಗಿಡಗಳಿಗೆ ನೀರು ಹಾಕುವ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸುತ್ತಲ ಹಳ್ಳಿಗಳ ಹೆಂಗಸರು ಹೋಗುತ್ತಿದ್ದರು. ಒಳಗೆ ಹೋದರೆ ಬೋರ್ಡುಗಳೆಲ್ಲ ಇಂಗ್ಲಿಷಿನಲ್ಲಿ. ಯಾವ ಬಾಗಿಲು ತೆರೆಯಬಹುದು, ಯಾವುದನ್ನು ಮುಟ್ಟಬಾರದು ಎಂದು ತಿಳಿಯದೆ ಬೈಸಿಕೊಳ್ಳುತ್ತಿದ್ದರು. ಮೇಡಂ ನಾಯಕನಹಟ್ಟಿಯ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಹೋಗಿ, ರಸ್ತೆ ಬದಿಯ ಬೇವಿನ ಮರದ ಕೆಳಗೆ ಅವರಿಗೆ ಪಾಠ ಶುರು ಮಾಡಿದರು. ಕೆಲಸ ಬಿಟ್ಟ ಮೇಲೆ ಹಳ್ಳಿಗೆ ಹೋಗುವ ಗಾಡಿ ಬರುವವರೆಗೆ ಅಷ್ಟೇ ಹೊತ್ತು. "ನಮ್ ಮಕ್ಳಿಗಿಂತ ಇವ್ರು ಜಾಸ್ತಿ ಪ್ರಶ್ನೆ ಕೇಳ್ತಾರೆ ಕಣೇ," ಎಂದು ಫೋನಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು.

ಹೋದ ವರ್ಷ ಅವರಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ದಾವಣಗೆರೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಮೊದಲ ಸುತ್ತಿನ ಔಷಧಿಯನ್ನು ಮೈ ತಡೆದುಕೊಳ್ಳಲಿಲ್ಲ. ಇನ್ನೊಂದು ಸುತ್ತು ಕೊಟ್ಟರೆ ಕೆಲವು ತಿಂಗಳು ಹೆಚ್ಚಿಗೆ ಸಿಗಬಹುದು ಎಂದು ಡಾಕ್ಟರು ಹೇಳಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಮೇಡಂ ಅಂದರು, "ಸಾಕು ಕಣೇ ಸಾಕಿ."

ನನಗೆ ಎಲ್ಲಿತ್ತೋ ಸಿಟ್ಟು. "ಯಾತಕ್ಕೆ ಸಾಕು ಮೇಡಂ?" ಎಂದು ಜೋರಾಗಿಯೇ ಕೇಳಿಬಿಟ್ಟೆ. ಕೂತಿದ್ದವರೆಲ್ಲ ತಿರುಗಿ ನೋಡಿದರು.

ಅವರು ನಕ್ಕರು. "ಕಲಿಸ್ದೋರಿಗೇ ತಿರುಗಿಸ್ತೀಯಾ?" ಅಂದರು. ಆಮೇಲೆ ಯೋಚಿಸಿ, ಕ್ಲಾಸಿನಲ್ಲಿ ಉತ್ತರ ಹೇಳುವವರ ಹಾಗೆ ಹೇಳಿದರು: "ಈಗ ಮೈಯಾಗೆ ಏನು ಉಳಿದೈತೋ ಅದು ಕುದಾಪುರಕ್ಕೆ ಹೋಗಿ ಬರೋಕೆ ಸಾಕು. ಆ ಔಷಧಿ ತಗಂಡ್ರೆ ಮಲಗೋಕೆ ಮಾತ್ರ ಸಾಕಾಗ್ತದೆ. ನೀನು ನರ್ಸು, ನೀನೇ ಹೇಳು, ಸುಳ್ಳಾ?"

ಸುಳ್ಳಾಗಿರಲಿಲ್ಲ. ನಾನು ಅವರ ಚೀಲ ಎತ್ತಿಕೊಂಡೆ. ಬಸ್ ಸ್ಟ್ಯಾಂಡಿಗೆ ನಡೆದೆವು.

ಆಮೇಲೆ ನನಗೆ ರಜೆ ಸಿಕ್ಕ ದಿನಗಳಲ್ಲಿ ಅವರ ಜೊತೆ ಕುದಾಪುರಕ್ಕೆ ಹೋಗುತ್ತಿದ್ದೆ. ಹೆಂಗಸರು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದಿಟ್ಟಿರುತ್ತಿದ್ದರು. ನಿಲ್ಲಲು ಆಗದಿದ್ದಾಗ ಕೂತು ಪಾಠ ಮಾಡಿದರು. ಬರೆಯಲು ಆಗದಿದ್ದಾಗ ಅವರು ಬಾಯಲ್ಲಿ ಹೇಳುತ್ತಿದ್ದರು, ಪಾತ್ರೆ ತೊಳೆಯುವ ಹೆಂಗಸೊಬ್ಬಳು ಹಲಗೆಯ ಮೇಲೆ ಬರೆಯುತ್ತಿದ್ದಳು. ಒಂದು ಸಂಜೆ ಅವಳು ಒಂದು ವಾಕ್ಯ ಬರೆದು, ತಾನೇ ಓದಿ, ನಾಚಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೇಡಂ ಚಪ್ಪಾಳೆ ತಟ್ಟಿದರು. ಕೈಗಳು ಒಂದಕ್ಕೊಂದು ತಗುಲಿದವಷ್ಟೇ, ಸದ್ದು ಬರಲಿಲ್ಲ. ನಾನು ನೋಡಿದ ಅವರ ಕೊನೆಯ ಪಾಠ ಅದು.

ಒಂದು ಬೆಳಗ್ಗೆ ಹೋಗಿಬಿಟ್ಟರು. ಸಾಕಿದ ಮನೆಯ ಅಣ್ಣಂದಿರ ಮಕ್ಕಳು ಬಂದು ಎಲ್ಲವನ್ನೂ ನಿಂತು ಮಾಡಿದರು. ಕುದಾಪುರದ ಹೆಂಗಸರು ಕೆಲಸಕ್ಕೆ ಹೋಗದೆ ಟೆಂಪೋ ಮಾಡಿಕೊಂಡು ಬಂದರು. ನಮ್ಮ ಕ್ಲಾಸಿನವರು ಬಂದರು. ನಾನು ಹೇಳಿಕಳಿಸದಿದ್ದರೂ, ಮಂಡಿ ನೋವಿನಿಂದ ಮನೆ ಬಿಟ್ಟು ಎಲ್ಲೂ ಹೋಗದ ಅಪ್ಪ ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬಂದಿದ್ದ. ಮಣ್ಣು ಹಾಕುವಾಗ ಜನರ ಹಿಂದೆ ನಿಂತಿದ್ದವನು ದಾರಿ ಮಾಡಿಕೊಂಡು ಮುಂದೆ ಬಂದು ಒಂದು ಹಿಡಿ ಹಾಕಿದ.

ಮಧ್ಯಾಹ್ನ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತು ಊರಿಗೆ ಹೊರಟೆವು. ಬಹಳ ಹೊತ್ತು ಅಪ್ಪ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದ:

"ಅವತ್ತು ಮೇಡಮ್ಮೋರ ಎದ್ರು ನಾನು ಮಾತಾಡ್ದೆ ಹಿತ್ಲಿಗೆ ಎದ್ದು ಹೋದ್ನಲ್ಲ. ಸಿಟ್ಟು ಬಂದಿತ್ತು ಅಂದ್ಕಂಡಿದ್ದೇನವ್ವ?"

"ಹೂಂ ಅಪ್ಪ."

"ಸಿಟ್ಟಲ್ಲ ಕಣವ್ವ." ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನಿಮ್ಮಕ್ಕದೀರು ಮೂರೂ ಜನ ಕಣ್ಮುಂದೆ ಬಂದ್ರು. ಅವ್ರು ಏನಾಗ್ಬೇಕು ಅಂದ್ಕಂಡಿದ್ರೋ ನಂಗೆ ಗೊತ್ತೇ ಇಲ್ಲ. ಅವ್ರ ಸಲುವಾಗಿ ಮನೆ ಬಾಗ್ಲಿಗೆ ಯಾರೂ ಬರ್ಲಿಲ್ಲ. ನಾನೂ ಕೇಳ್ಲಿಲ್ಲ."

ನಾನು ಅವನ ಕೈ ಹಿಡಿದುಕೊಂಡೆ. ಬಸ್ಸು ತಳಕಿನಲ್ಲಿ ನಿಂತಿತು. ಅಲ್ಲಿ ನಮ್ಮ ದೊಡ್ಡಕ್ಕನ ಮನೆ. ಕಂಡಕ್ಟರು ಸೀಟಿ ಊದುವ ಮುಂಚೆ ಅಪ್ಪ ಕಂಬಿ ಹಿಡಿದು ಎದ್ದ. "ನೀನು ಹೋಗಿರು, ನಾನು ನಾಳೆ ಬರ್ತೀನಿ," ಅಂದ. ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದು, ಬಿಸಿಲಿನಲ್ಲಿ ಅಕ್ಕನ ಮನೆಯ ಕಡೆಗೆ ನಡೆಯತೊಡಗಿದ.